ತಾರಾಮೌಲ್ಯದ ಅಢಾವೆ: ಇಂದು ಅಗ್ರಶ್ರೇಣಿಯ ನಟನೆಂದರೆ ಯಾರು?

ವಾಣಿಜ್ಯ ಮಾಸಿಕವೊಂದರಲ್ಲಿ ಚಲನಚಿತ್ರ ನಟರ ಕುರಿತು ಬರೆಯುವುದು ಅಪ್ರಸ್ತುತವೆಂದು ಕೆಲವು ಸದಸ್ಯರಿಗೆ ತೋರಬಹುದು. ತೊಗರಿ, ಉದ್ದು, ಸೋಯಾಬೀನಿನ ಧಾರಣೆ, ತೆರಿಗೆ ಕಾನೂನಿನ ತಿದ್ದುಪಡಿ, ಬ್ಯಾಂಕ್ ಸಾಲದ ನಿಯಮ ಇವು ಈ ಪುಟಗಳಿಗೆ ಸಹಜವಾದ ವಿಷಯಗಳು. ಆದರೆ ಚಲನಚಿತ್ರವೂ ಒಂದು ಸರಕೇ. ಅದಕ್ಕೂ ಉತ್ಪಾದಕ, ವಿತರಕ, ಚಿಲ್ಲರೆ ಮಾರಾಟಗಾರ ಎಂಬ ಸರಪಳಿಯುಂಟು. ನಮ್ಮ ಜಿಲ್ಲೆಯ ಚಿತ್ರಮಂದಿರದ ಮಾಲೀಕನು ಆ ಸರಪಳಿಯ ಕೊನೆಯ ಕೊಂಡಿ. ಅವನ ಗೇಟಿನ ಹೊರಗಿನ ಚಹಾದಂಗಡಿ, ಪಾನ್ ಡಬ್ಬಿ, ಆಟೋ ಚಾಲಕ, ಗೋಡೆಚಿತ್ರ ಅಂಟಿಸುವ ಕೂಲಿಕಾರ ಇವರೆಲ್ಲರೂ ಒಬ್ಬ ನಟನ ಹೆಸರನ್ನು ನಂಬಿ ಶುಕ್ರವಾರದ ಬೆಳಗನ್ನು ಎದುರು ನೋಡುತ್ತಾರೆ. ಆದುದರಿಂದ ಆ ಹೆಸರಿನ ನಿಜವಾದ ಬೆಲೆ ಎಷ್ಟು, ಅದನ್ನು ಅಳೆಯುವ ಬಗೆ ಯಾವುದು ಎಂಬುದು ಶುದ್ಧ ವಾಣಿಜ್ಯ ಪ್ರಶ್ನೆಯೇ ಆಗಿದೆ.

ಅಭಿಮಾನಿಗಳ ದೃಷ್ಟಿಯಲ್ಲಿ ಅತಿ ಹೆಚ್ಚು ಸಂಭಾವನೆ ಪಡೆಯುವವನೇ ಮೊದಲ ಸಾಲಿನ ತಾರೆ. ಲೆಕ್ಕಪರಿಶೋಧಕನ ದೃಷ್ಟಿಯಲ್ಲಿ ಸಂಭಾವನೆಯು ಖರ್ಚಿನ ಬಾಬತ್ತೇ ಹೊರತು ಮೌಲ್ಯದ ಅಳತೆಯಲ್ಲ. ನನ್ನ ಅಭಿಪ್ರಾಯದಲ್ಲಿ, ತನ್ನ ಹೆಸರಿನಿಂದ ಇತರರ ನಷ್ಟದ ಭಯವನ್ನು ಕಡಿಮೆ ಮಾಡಬಲ್ಲವನೇ ಅಗ್ರಶ್ರೇಣಿಯ ತಾರೆ. ಸಾಲ ಕೊಟ್ಟವನಿಂದ ಹಿಡಿದು ಭಾಲ್ಕಿಯ ಟಿಕೆಟ್ ಕಿಂಡಿಯವರೆಗೆ, ಸರಪಳಿಯ ಪ್ರತಿಯೊಬ್ಬನ ಅಪಾಯವೂ ಅವನ ಹೆಸರಿನಿಂದ ಇಳಿಯಬೇಕು. ಈ ವ್ಯಾಖ್ಯೆಯನ್ನು ಇಟ್ಟುಕೊಂಡು ಮುಂದುವರಿಯೋಣ.

ಅಭಿನಯ ಬೇರೆ, ತಾರಾಮೌಲ್ಯ ಬೇರೆ

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಅಗತ್ಯ. ಉತ್ತಮ ಅಭಿನಯವೇ ತಾರಾಪಟ್ಟವನ್ನು ತಂದುಕೊಡುತ್ತದೆಯೆಂಬುದು ಸಜ್ಜನರ ನಂಬಿಕೆ. ದಾಖಲೆಗಳು ಅದನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. 'ಚೋಮನ ದುಡಿ'ಗಾಗಿ ಎಂ.ವಿ. ವಾಸುದೇವರಾವ್, 'ತಬರನ ಕಥೆ'ಗಾಗಿ ಚಾರುಹಾಸನ್, 'ನಾನು ಅವನಲ್ಲ, ಅವಳು' ಚಿತ್ರಕ್ಕಾಗಿ ಸಂಚಾರಿ ವಿಜಯ್ ರಾಷ್ಟ್ರದ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು. ಇವರ ಅಭಿನಯದ ಬಗ್ಗೆ ಎರಡು ಮಾತಿಲ್ಲ. ಆದರೂ ಇವರ ಹೆಸರಿನ ಮೇಲೆ ವಿತರಕರು ಮುಂಗಡ ಹಣ ಸುರಿಯಲಿಲ್ಲ. 2022ನೇ ಸಾಲಿನ ಚಿತ್ರಗಳಿಗಾಗಿ 2024ರ ಆಗಸ್ಟ್‌ನಲ್ಲಿ ಪ್ರಕಟವಾದ ಪ್ರಶಸ್ತಿಗಳಲ್ಲಿ 'ಕಾಂತಾರ'ದ ರಿಷಬ್ ಶೆಟ್ಟಿಯವರಿಗೆ ಅದೇ ಗೌರವ ದೊರೆತಾಗ ಪ್ರಶಸ್ತಿಯೂ ಗಲ್ಲಾಪೆಟ್ಟಿಗೆಯೂ ಒಂದೇ ಮನೆಗೆ ಬಂದವು. ಅಲ್ಲಿಯೂ ಮೊದಲು ಬಂದದ್ದು ಗಲ್ಲಾಪೆಟ್ಟಿಗೆ.

ನಮ್ಮ ವೃತ್ತಿಯ ಭಾಷೆಯಲ್ಲಿ ತಾರಾಮೌಲ್ಯವೆಂದರೆ ಗುಡ್‌ವಿಲ್, ಅಂದರೆ ಕೀರ್ತಿಮೌಲ್ಯ. ಸಂಸ್ಥೆಯೊಂದು ತಾನಾಗಿಯೇ ಬೆಳೆಸಿಕೊಂಡ ಕೀರ್ತಿಮೌಲ್ಯವನ್ನು ಅಢಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ತೋರಿಸಬಾರದೆಂದು ಲೆಕ್ಕಪತ್ರ ಮಾನದಂಡ 26 ಹೇಳುತ್ತದೆ. ಅದರ ಮೊತ್ತವನ್ನು ನಂಬಲರ್ಹವಾಗಿ ಅಳೆಯಲಾಗದು, ಮಾಲೀಕತ್ವ ಹಿಡಿತಕ್ಕೆ ಸಿಗದು ಎಂಬುದು ಇದಕ್ಕೆ ಕಾರಣ. ನಟನ ಹೆಸರಿಗೂ ಈ ಎರಡು ದೋಷಗಳಿವೆ. ಒಂದು ಶುಕ್ರವಾರ ಅದು ಕೋಟಿಗಳಾಗಬಹುದು, ಮುಂದಿನ ಶುಕ್ರವಾರ ಸೊನ್ನೆಯಾಗಬಹುದು. ಅನಾರೋಗ್ಯ, ವಿವಾದ, ಕಾನೂನು ಪ್ರಕರಣ ಇವುಗಳಲ್ಲಿ ಯಾವುದು ಬಂದರೂ ಅರ್ಧ ಮುಗಿದ ಚಿತ್ರದ ಮೇಲೆ ಹೂಡಿದ ಬಂಡವಾಳವೆಲ್ಲ ಅಲ್ಲಿಗೇ ನಿಲ್ಲುತ್ತದೆ. ಮಾನದಂಡವು ಆಸ್ತಿಯೆಂದು ಒಪ್ಪದ ವಸ್ತುವನ್ನೇ ಅಡವಾಗಿ ನಂಬಿ ಬಡ್ಡಿಗೆ ಹಣ ಕೊಡುವ ಏಕೈಕ ವ್ಯಾಪಾರ ಚಿತ್ರೋದ್ಯಮವೆಂದರೆ ತಪ್ಪಾಗಲಾರದು.

ಮೂರು ಗೋಡೆಗಳ ಕಾಲ

ಇಂದಿನ ಸ್ಥಿತಿ ಅರ್ಥವಾಗಬೇಕಾದರೆ ಹಿಂದಿನ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. ಡಾ. ರಾಜ್‌ಕುಮಾರ್ ಅವರು 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ಬಂದರು. 1968ರ 'ಭಾಗ್ಯದ ಬಾಗಿಲು' ಅವರ ನೂರನೆಯ ಚಿತ್ರ. ಹದಿನಾಲ್ಕು ವರ್ಷಗಳಿಗೆ ನೂರು ಚಿತ್ರವೆಂದರೆ ಸರಾಸರಿ ವರ್ಷಕ್ಕೆ ಏಳು. ಒಂದು ಸೋತರೆ ಮತ್ತೊಂದು ಕೆಲವೇ ತಿಂಗಳಲ್ಲಿ ಆ ನಷ್ಟವನ್ನು ತುಂಬುತ್ತಿತ್ತು. ವಿತರಕನ ಖಾತೆಯಲ್ಲಿ ಒಂದು ಚಿತ್ರದ ಉಳಿಕೆ ಇನ್ನೊಂದಕ್ಕೆ ಹೊಂದಿಕೆಯಾಗುತ್ತಿತ್ತು. ನಟನ ಮೇಲಿನ ನಂಬಿಕೆಯು ಒಂದೇ ಚಿತ್ರದ ಮೇಲೆ ನಿಲ್ಲದೆ ವರ್ಷದ ವಹಿವಾಟಿನ ಮೇಲೆ ನಿಂತಿತ್ತು.

ಅದರ ಜೊತೆಗೆ ಕನ್ನಡ ತಾರೆಯ ಸುತ್ತ ಮೂರು ರಕ್ಷಣಾ ಗೋಡೆಗಳಿದ್ದವು. ಮೊದಲನೆಯದು ತೆರಿಗೆ. ಕನ್ನಡ ಚಿತ್ರಗಳಿಗೆ ರಾಜ್ಯ ಸರ್ಕಾರವು ಮನರಂಜನಾ ತೆರಿಗೆಯಿಂದ ವಿನಾಯಿತಿ ನೀಡಿತ್ತು. ಪರಭಾಷಾ ಚಿತ್ರಗಳು ತೆರಿಗೆ ಹೊತ್ತು ಬರಬೇಕಿತ್ತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಮನರಂಜನಾ ತೆರಿಗೆ ಅದರಲ್ಲಿ ಲೀನವಾಯಿತು, ಗೋಡೆಯೂ ಬಿದ್ದಿತು. ಎರಡನೆಯದು ಡಬ್ಬಿಂಗ್ ವಿರೋಧ. ಕನ್ನಡಕ್ಕೆ ಡಬ್ಬಿಂಗ್ ಬೇಡವೆಂದು ಉದ್ಯಮವು ದಶಕಗಳ ಕಾಲ ತಡೆದಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಈ ತಡೆಯು ಸ್ಪರ್ಧಾ ಕಾಯ್ದೆಗೆ ವಿರುದ್ಧವೆಂದು ಆದೇಶಿಸಿ ದಂಡ ವಿಧಿಸಿತು. ಬಳಿಕ ತೆಲುಗು, ತಮಿಳು, ಹಿಂದಿ ತಾರೆಯರು ಕನ್ನಡದಲ್ಲಿಯೇ ಮಾತನಾಡತೊಡಗಿದರು. ಮೂರನೆಯದು ದೂರ. ಫಿಲ್ಮ್ ಸುರುಳಿಯ ಪ್ರತಿಗೆ ಹಣ ಹೆಚ್ಚು. ಆದ್ದರಿಂದ ಮೊದಲು ದೊಡ್ಡ ನಗರಗಳಲ್ಲಿ ಓಡಿದ ಪ್ರತಿಯೇ ವಾರಗಳ, ತಿಂಗಳುಗಳ ನಂತರ ಗೀರು ಬಿದ್ದು ತಾಲ್ಲೂಕು ಕೇಂದ್ರಗಳಿಗೆ ಬರುತ್ತಿತ್ತು. ಡಿಜಿಟಲ್ ಪ್ರದರ್ಶನ ಬಂದ ಮೇಲೆ ಬೆಂಗಳೂರಿನ ಚಿತ್ರ ಅದೇ ದಿನ ಬೀದರಿಗೂ ಬರುತ್ತದೆ. ಹೈದರಾಬಾದಿನದೂ ಮುಂಬಯಿಯದೂ ಹಾಗೆಯೇ ಬರುತ್ತವೆ.

ಮೂರೂ ಗೋಡೆಗಳು ಹೆಚ್ಚು ಕಡಿಮೆ ಒಂದೇ ದಶಕದಲ್ಲಿ ಉರುಳಿದವು. ಇಂದಿನ ಕನ್ನಡ ತಾರೆಯು ಬಯಲಿನಲ್ಲಿ ನಿಂತು ವ್ಯಾಪಾರ ಮಾಡಬೇಕಾಗಿದೆ. ಇದನ್ನು ಕೆಟ್ಟದ್ದೆಂದು ನಾನು ಹೇಳಲಾರೆ. ಆದರೆ ಅಗ್ರಶ್ರೇಣಿಯ ಅರ್ಥ ಇದರಿಂದಲೇ ಬದಲಾಯಿತೆಂಬುದನ್ನು ಗಮನಿಸಬೇಕು.

ತೊಂಬತ್ತು ದಿನದಿಂದ ಎರಡು ವಾರಾಂತ್ಯಕ್ಕೆ

1962ರ ಆದಾಯ ತೆರಿಗೆ ನಿಯಮಗಳಲ್ಲಿ 9ಎ ಎಂಬ ನಿಯಮವೊಂದು ಸೇರಿತ್ತು. ಹಣಕಾಸು ವರ್ಷ ಮುಗಿಯುವುದಕ್ಕೆ ಕನಿಷ್ಠ 90 ದಿನ ಮೊದಲು ಚಿತ್ರ ಬಿಡುಗಡೆಯಾಗಿದ್ದರೆ ನಿರ್ಮಾಪಕನು ನಿರ್ಮಾಣ ವೆಚ್ಚವನ್ನು ಪೂರ್ತಿಯಾಗಿ ಅದೇ ವರ್ಷದ ಆದಾಯದಿಂದ ಕಳೆಯಬಹುದು. 90 ದಿನ ಸಿಗದಿದ್ದರೆ ಆ ವರ್ಷ ಬಂದ ಹಣದಷ್ಟು ಮಾತ್ರ ಕಳೆದು ಉಳಿದದ್ದನ್ನು ಮುಂದಿನ ವರ್ಷಕ್ಕೆ ಒಯ್ಯಬೇಕು. ಈ ನಿಯಮದ ಹಿಂದಿದ್ದ ಗ್ರಹಿಕೆ ಸ್ಪಷ್ಟವಾಗಿದೆ: ಚಿತ್ರವೊಂದರ ಸಂಪಾದನೆಯ ಆಯುಷ್ಯ ಸುಮಾರು ಮೂರು ತಿಂಗಳು. ನೂರು ದಿನದ ಸಮಾರಂಭಗಳ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. 2006ರ ಡಿಸೆಂಬರ್ 29ರಂದು ತೆರೆಕಂಡ 'ಮುಂಗಾರು ಮಳೆ' ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ ಒಂದು ವರ್ಷಕ್ಕೂ ಮೀರಿ ಓಡಿತು. ಅದಕ್ಕೆ ಮುನ್ನ ಗಣೇಶ್ ಅವರನ್ನು ದೊಡ್ಡ ತಾರೆಯೆಂದು ಯಾರೂ ಕರೆದಿರಲಿಲ್ಲ.

ಇಂದು ಬಹುತೇಕ ಚಿತ್ರಗಳ ಹಣೆಬರಹ ಎರಡು ವಾರಾಂತ್ಯಗಳಲ್ಲಿ ತೀರ್ಮಾನವಾಗುತ್ತದೆ. ಕೆಲವು ವಾರಗಳಲ್ಲಿ ಅದೇ ಚಿತ್ರ ಮೊಬೈಲ್ ಪರದೆಗೆ ಬರುವುದೆಂದು ಪ್ರೇಕ್ಷಕನಿಗೆ ಗೊತ್ತು. ಆದುದರಿಂದ ನಟನ ಮೌಲ್ಯವನ್ನು ಎರಡು ಭಾಗ ಮಾಡಿ ನೋಡಬೇಕು: ಮೊದಲ ಮೂರು ದಿನ ಜನರನ್ನು ತರುವ ಶಕ್ತಿ, ನಂತರ ಅವರನ್ನು ಹಿಡಿದಿಡುವ ಶಕ್ತಿ. ಸದಸ್ಯರ ಅನುಕೂಲಕ್ಕಾಗಿ ಒಂದು ಕಾಲ್ಪನಿಕ ಲೆಕ್ಕವನ್ನು ಕೊಡುತ್ತೇನೆ.

ಜಿಲ್ಲಾ ಕೇಂದ್ರದ ಒಂದು ಚಿತ್ರಮಂದಿರದಲ್ಲಿ 600 ಆಸನಗಳಿವೆಯೆನ್ನೋಣ. ದಿನಕ್ಕೆ ನಾಲ್ಕು ಪ್ರದರ್ಶನ, ತೆರಿಗೆ ಬಿಟ್ಟು ಟಿಕೆಟ್ ದರ 100 ರೂಪಾಯಿ. ವಾರಕ್ಕೆ ಒಟ್ಟು 16,800 ಆಸನಗಳು.

ಮೊದಲನೆಯ ಚಿತ್ರದಲ್ಲಿ ದೊಡ್ಡ ಹೆಸರಿದೆ, ಕಥೆ ಸಾಧಾರಣ. ಮೊದಲ ಮೂರು ದಿನ ಶೇ. 80, ಮುಂದಿನ ನಾಲ್ಕು ದಿನ ಶೇ. 10, ಎರಡನೆಯ ವಾರ ಶೇ. 8 ಭರ್ತಿ. ಎರಡು ವಾರಕ್ಕೆ ಮಾರಾಟವಾದ ಟಿಕೆಟ್ 8,064. ಹಣ 8,06,400 ರೂಪಾಯಿ.

ಎರಡನೆಯ ಚಿತ್ರದಲ್ಲಿ ಹೆಸರಿಲ್ಲ, ಕಥೆ ಗಟ್ಟಿಯಾಗಿದೆ. ಮೊದಲ ಮೂರು ದಿನ ಶೇ. 20, ನಂತರದ ನಾಲ್ಕು ದಿನ ಶೇ. 30, ಎರಡನೆಯ ವಾರ ಶೇ. 45. ಟಿಕೆಟ್ 11,880, ಹಣ 11,88,000 ರೂಪಾಯಿ.

ಮೂರನೆಯದರಲ್ಲಿ ಹೆಸರೂ ಕಥೆಯೂ ಕೂಡಿವೆ. ಕ್ರಮವಾಗಿ ಶೇ. 80, 30, 45. ಟಿಕೆಟ್ 16,200, ಹಣ 16,20,000 ರೂಪಾಯಿ.

ಮೊದಲನೆಯ ಚಿತ್ರಕ್ಕೆ ಪ್ರದರ್ಶಕನು 6 ಲಕ್ಷ ರೂಪಾಯಿ ಮಿನಿಮಮ್ ಗ್ಯಾರಂಟಿ ಕೊಟ್ಟಿದ್ದು, ಎರಡು ವಾರದ ವಿದ್ಯುತ್ತು, ಸಂಬಳ, ಪ್ರಚಾರಕ್ಕೆ 3 ಲಕ್ಷ ತಗುಲಿದರೆ, ಮೂರು ದಿನ ಜನಜಾತ್ರೆ ಕಂಡ ಚಿತ್ರದಲ್ಲಿಯೇ ಅವನಿಗೆ 93,600 ರೂಪಾಯಿ ನಷ್ಟ. ಪತ್ರಿಕೆಯಲ್ಲಿ ಭರ್ಜರಿ ಆರಂಭವೆಂದು ಸುದ್ದಿ ಬರುತ್ತದೆ. ಪ್ರದರ್ಶಕನು ಮುಂದಿನ ಚಿತ್ರಕ್ಕೆ ಕೈಗಡ ತರುತ್ತಾನೆ. ಗಡಿ ತಾಲ್ಲೂಕುಗಳ ಪ್ರದರ್ಶಕರ ಕಿರ್ದಿ ಪುಸ್ತಕಗಳನ್ನು ನೋಡಿದವರಿಗೆ ಈ ಚಿತ್ರ ಅಪರಿಚಿತವಲ್ಲ. ಎರಡನೆಯ ಚಿತ್ರದ ಕಷ್ಟ ಬೇರೆ: ಮೊದಲ ವಾರಾಂತ್ಯದ ಶೇ. 20 ನೋಡಿ ಸೋಮವಾರವೇ ಅದನ್ನು ತೆಗೆದುಹಾಕಿದರೆ ಎರಡನೆಯ ವಾರ ಬರುವುದೇ ಇಲ್ಲ. ಒಳ್ಳೆಯ ಚಿತ್ರಗಳಲ್ಲಿ ಹಲವು ಹೀಗೆಯೇ ಕಳೆದುಹೋಗುತ್ತವೆ.

ಆರಂಭದ ಗಳಿಕೆ ಹೆಸರಿನದು, ಎರಡನೆಯ ವಾರ ಕಥೆಯದು. ಇಂದಿನ ಅಗ್ರಶ್ರೇಣಿಯ ತಾರೆಯೆಂದರೆ ಮೊದಲನೆಯದನ್ನು ತರಬಲ್ಲ, ಎರಡನೆಯದನ್ನು ಆರಿಸಬಲ್ಲ ವ್ಯಕ್ತಿ. ಕಥೆಯ ಆಯ್ಕೆಯು ಹಿಂದೆ ನಿರ್ಮಾಪಕನ ಕೆಲಸವಾಗಿತ್ತು; ಈಗ ಅದು ನಟನ ಮೌಲ್ಯದ ಭಾಗವಾಗಿದೆ. ನಮ್ಮ ಊರಿನ ಬಿದರಿ ಕಸುಬನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸತು ತಾಮ್ರಗಳ ಮಿಶ್ರಲೋಹವನ್ನು ಕೋಟೆಯ ಮಣ್ಣಿನಿಂದ ಕಪ್ಪಾಗಿಸಿದ ಮೇಲೆಯೇ ಅದರಲ್ಲಿ ಕೂರಿಸಿದ ಬೆಳ್ಳಿಗೆ ಶೋಭೆ. ಬೆಳ್ಳಿಯ ತೂಕ ಹೆಚ್ಚಿಸಿದರೆ ಮಾತ್ರ ಹೂಜಿಯ ಬೆಲೆ ಹೆಚ್ಚುವುದಿಲ್ಲ.

ಬೀದರ್ ಎಂಬ ಒರೆಗಲ್ಲು

ಕನ್ನಡ ತಾರೆಯನ್ನು ಪರೀಕ್ಷಿಸಲು ನಮ್ಮ ಜಿಲ್ಲೆಗಿಂತ ಕಠಿಣವಾದ ಒರೆಗಲ್ಲು ರಾಜ್ಯದಲ್ಲಿ ಸಿಗುವುದು ಕಷ್ಟ. ಮಂಡ್ಯ, ಮೈಸೂರು ಕಡೆಯ ಪ್ರೇಕ್ಷಕನಿಗೆ ಕನ್ನಡ ನಟನೆಂದರೆ ಮನೆಯ ಮಗ. ಬೀದರಿನ ಪ್ರೇಕ್ಷಕನ ಮುಂದೆ ಪ್ರತಿ ಶುಕ್ರವಾರ ಕನ್ನಡ, ಹಿಂದಿ, ತೆಲುಗು, ಮರಾಠಿ ನಾಲ್ಕೂ ಇವೆ. ನಾಲ್ಕರಲ್ಲಿ ಮೂರಾದರೂ ಅವನಿಗೆ ಅರ್ಥವಾಗುತ್ತವೆ. ಹೈದರಾಬಾದು ಸುಮಾರು 140 ಕಿಲೋಮೀಟರ್, ಬೆಂಗಳೂರು ಸುಮಾರು 700. 1956ರವರೆಗೆ ನಾವು ಹೈದರಾಬಾದ್ ರಾಜ್ಯದವರು. ಚಿತ್ರ ವಿತರಣೆಯ ಹಳೆಯ ಭೂಪಟದಲ್ಲಿ 'ನಿಜಾಮ್' ಎಂಬ ವಲಯವು ತೆಲಂಗಾಣದೊಂದಿಗೆ ಹಳೆಯ ಹೈದರಾಬಾದ್ ರಾಜ್ಯದ ಕನ್ನಡ, ಮರಾಠವಾಡ ಭಾಗಗಳನ್ನೂ ಒಳಗೊಂಡಿತ್ತು. ರಾಜ್ಯಗಳ ಗಡಿ ಬದಲಾದರೂ ವ್ಯಾಪಾರದ ದಾರಿ ಅಷ್ಟು ಬೇಗ ಬದಲಾಗದು. ಗಂಜಿನ ಅಡತಿ ವ್ಯಾಪಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಭಾಲ್ಕಿಯಲ್ಲಿ ಮರಾಠಿಯ ಪ್ರಭಾವ ಹೆಚ್ಚು. ಉದಗೀರಕ್ಕೆ ನೇರ ರೈಲು ಮಾರ್ಗವಿದೆ. ರಾಜ್ಯದ ಉತ್ತರ ತುದಿಯ ಔರಾದಿಗೆ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. 2016ರ ಏಪ್ರಿಲ್‌ನಲ್ಲಿ ತೆರೆಕಂಡ ಮರಾಠಿಯ 'ಸೈರಾಟ್' ಹೊಸ ಮುಖಗಳನ್ನು ಇಟ್ಟುಕೊಂಡೇ ನೂರು ಕೋಟಿ ರೂಪಾಯಿಯ ಗಡಿ ದಾಟಿದ ಮೊದಲ ಮರಾಠಿ ಚಿತ್ರವೆನಿಸಿತು. ಆ ಅಲೆಗೆ ನಮ್ಮ ಗಡಿ ತಾಲ್ಲೂಕುಗಳು ಹೊರತಾಗಿರಲಿಲ್ಲ. ನಿಜಾಮರ ಆಡಳಿತದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರ ನೆಲವಿದು. ಇಲ್ಲಿ ಭಾಷೆಯ ಮೇಲಿನ ಪ್ರೀತಿ ಶ್ರಮದಿಂದ ಉಳಿದಿದೆ. ಆದರೆ ಪ್ರೀತಿಯೊಂದೇ ಟಿಕೆಟ್ ಕೊಳ್ಳುವುದಿಲ್ಲ.

ಇಲ್ಲಿ ಗೆದ್ದವರನ್ನು ನೋಡಿದರೆ ನಮ್ಮ ವ್ಯಾಖ್ಯೆ ಸ್ಪಷ್ಟವಾಗುತ್ತದೆ. 2018ರ ಡಿಸೆಂಬರ್ 21ರಂದು ಬಂದ 'ಕೆಜಿಎಫ್' ಮೊದಲ ಭಾಗವು ಕನ್ನಡದೊಂದಿಗೆ ಹಿಂದಿ, ತೆಲುಗು, ತಮಿಳು, ಮಲಯಾಳಂ ಭಾಷೆಗಳಲ್ಲಿಯೂ ಬಂದಿತು. 2022ರ ಏಪ್ರಿಲ್ 14ರಂದು ಬಂದ ಎರಡನೆಯ ಭಾಗದ ವಿಶ್ವದಾದ್ಯಂತದ ಗಳಿಕೆ 1,200 ಕೋಟಿ ರೂಪಾಯಿಗೂ ಮಿಕ್ಕಿತೆಂದು ವ್ಯಾಪಾರ ವರದಿಗಳು ಹೇಳಿದವು. ಅದೇ ವರ್ಷದ ಸೆಪ್ಟೆಂಬರ್ 30ರಂದು 'ಕಾಂತಾರ' ಮೊದಲು ಕನ್ನಡದಲ್ಲಿ ಮಾತ್ರ ಬಂದು, ಬೇಡಿಕೆ ಹುಟ್ಟಿದ ಮೇಲೆ ಎರಡು ವಾರದ ನಂತರ ಹಿಂದಿ, ತೆಲುಗಿಗೆ ಹೋಯಿತು. ಯಶ್ ಅವರ ದಾರಿ ಹೆಸರಿನಿಂದ ಮಾರುಕಟ್ಟೆಗೆ. ರಿಷಬ್ ಶೆಟ್ಟಿಯವರದು ಮಾರುಕಟ್ಟೆಯಿಂದ ಹೆಸರಿಗೆ. ಆದರೆ ಎರಡರಲ್ಲಿಯೂ ಒಂದು ಸಮಾನ ಅಂಶವಿದೆ. ಕನ್ನಡ ಬಲ್ಲವನು ಕನ್ನಡದಲ್ಲಿ, ಮಗ್ಗುಲಿನ ಮನೆಯವನು ಹಿಂದಿಯಲ್ಲಿ, ಇನ್ನೊಬ್ಬನು ತೆಲುಗಿನಲ್ಲಿ ಅದೇ ನಟನನ್ನು ನೋಡಲು ಸಿದ್ಧನಾದನು. ಭಾಷಾಭಿಮಾನದ ರಿಯಾಯಿತಿ ಇಲ್ಲದ ಗಿರಾಕಿಯೂ ಯಾರ ಹೆಸರಿಗೆ ಪೂರ್ತಿ ದರ ಕೊಡುತ್ತಾನೋ ಅವನೇ ಮೊದಲ ಸಾಲಿನವನು.

ವಿರಳತೆ ಮತ್ತು ಪಾಲುದಾರಿಕೆ

ಇಂದಿನ ತಾರಾಮೌಲ್ಯದ ಇನ್ನೊಂದು ಲಕ್ಷಣ ವಿರಳತೆ. 2018ರ ಡಿಸೆಂಬರ್‌ನಿಂದ 2025ರ ಅಂತ್ಯದವರೆಗಿನ ಏಳು ವರ್ಷಗಳಲ್ಲಿ ಯಶ್ ನಾಯಕರಾಗಿ ತೆರೆಗೆ ಬಂದದ್ದು ಎರಡೇ ಚಿತ್ರ. ಅರವತ್ತರ ದಶಕದ ಸರಾಸರಿಯಂತೆ ಅದೇ ಅವಧಿಗೆ ಸುಮಾರು ಐವತ್ತು ಆಗಬೇಕಿತ್ತು. ಸರಕು ಕಡಿಮೆಯಾದಾಗ ಧಾರಣೆ ಏರುವುದು ಗಂಜಿನ ನಿಯಮವೇ. ಆದರೆ ಇದರ ಹೊರೆ ಯಾರ ಮೇಲೆ ಬೀಳುತ್ತದೆ? ನಟನಿಗೆ ವಿರಳತೆ ಲಾಭ. ಚಿತ್ರಮಂದಿರಕ್ಕೆ ಅದು ಬರ. ಪರದೆಯು ವರ್ಷಕ್ಕೆ 52 ವಾರ ತೆರೆದಿರಬೇಕು. ದೊಡ್ಡ ಹೆಸರುಗಳು ಎರಡು ಮೂರು ವರ್ಷಕ್ಕೊಮ್ಮೆ ಬಂದರೆ ಉಳಿದ ವಾರಗಳಿಗೆ ಪರಭಾಷೆಯ ಚಿತ್ರವೇ ಗತಿ, ಇಲ್ಲವೇ ಬಾಗಿಲು ಮುಚ್ಚುವುದೇ ಗತಿ. ಒಮ್ಮೆ ಮುಚ್ಚಿದ ಚಿತ್ರಮಂದಿರದ ನಿವೇಶನ ಕಲ್ಯಾಣ ಮಂಟಪವೋ ವಾಣಿಜ್ಯ ಸಂಕೀರ್ಣವೋ ಆಗುತ್ತದೆ, ಮತ್ತೆ ಚಿತ್ರಮಂದಿರವಾಗುವುದಿಲ್ಲ.

ಪಾಲುದಾರಿಕೆ ಮತ್ತೊಂದು ಲಕ್ಷಣ. ಸಂಭಾವನೆಯನ್ನಷ್ಟೇ ಪಡೆಯದೆ ನಿರ್ಮಾಣದಲ್ಲಿಯೂ ಭಾಗಿಯಾಗುವ ನಟರು ಹೆಚ್ಚುತ್ತಿದ್ದಾರೆ. ಕನ್ನಡಕ್ಕೆ ಇದು ಹೊಸದಲ್ಲ. ರಾಜ್ ಕುಟುಂಬದ ನಿರ್ಮಾಣ ಸಂಸ್ಥೆಯನ್ನು ಪಾರ್ವತಮ್ಮ ರಾಜ್‌ಕುಮಾರ್ ಅವರು ನಡೆಸಿದ ಶಿಸ್ತು ಯಾವ ವ್ಯಾಪಾರಿಗೂ ಪಾಠವಾಗಬಲ್ಲದು. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯು ಹೊಸಬರ ಚಿತ್ರಗಳಿಗೆ ಹಣ ಹೂಡಿತು. ತನ್ನ ಹೆಸರಿನ ಮೇಲೆ ತಾನೇ ಬಂಡವಾಳ ಹಾಕುವ ನಟನು ತನ್ನ ಮೌಲ್ಯವನ್ನು ತಾನೇ ಪ್ರಮಾಣೀಕರಿಸುತ್ತಾನೆ. ಚಿತ್ರ ಗೆಲ್ಲಲಿ, ಸೋಲಲಿ, ಪೂರ್ತಿ ಹಣ ಮೊದಲೇ ಕೈಗೆ ಬರಬೇಕೆಂಬ ನಟನು ತನ್ನ ಹೆಸರನ್ನು ತಾನೇ ನಂಬುವುದಿಲ್ಲವೆಂದು ಅರ್ಥ.

ಬಿಡುಗಡೆಗೆ ಮುನ್ನವೇ ಡಿಜಿಟಲ್, ಉಪಗ್ರಹ, ಧ್ವನಿ, ಡಬ್ಬಿಂಗ್ ಹಕ್ಕುಗಳು ಮಾರಾಟವಾಗುವಂತೆ ಮಾಡುವುದು ಮೊದಲ ಸಾಲಿನ ಹೆಸರಿನ ಮತ್ತೊಂದು ಕಾರ್ಯ. ಆದರೆ ಕನ್ನಡಕ್ಕೆ ಈ ಬಾಗಿಲು ಇನ್ನೂ ಅರ್ಧ ತೆರೆದಿದೆ. ರಕ್ಷಿತ್ ಶೆಟ್ಟಿಯವರಂತಹ ಹೆಸರಾಂತ ನಟರೂ ತಮ್ಮ 'ಏಕಂ' ಸರಣಿಯನ್ನು 2024ರ ಜುಲೈಯಲ್ಲಿ ಸ್ವಂತ ಜಾಲತಾಣದಲ್ಲಿಯೇ ಬಿಡುಗಡೆ ಮಾಡಬೇಕಾಯಿತು.

ಸಾಬೂನಿನ ಪಾಠ

ನಟರ ಹೆಸರಿನ ಬೆಲೆ ಚಿತ್ರಮಂದಿರದ ಹೊರಗೂ ನಿರ್ಧಾರವಾಗುತ್ತದೆ. 1916ರಲ್ಲಿ ಹುಟ್ಟಿದ ಮೈಸೂರಿನ ಸಾಬೂನು ಉದ್ಯಮದ ವಾರಸುದಾರ ಸಂಸ್ಥೆಯಾದ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್, 2025ರ ಮೇ ತಿಂಗಳಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳ ಅವಧಿಗೆ 6.20 ಕೋಟಿ ರೂಪಾಯಿಗೆ ರಾಯಭಾರಿಯಾಗಿ ನೇಮಿಸಿತು. ಕನ್ನಡದ ಕಲಾವಿದರಿರಲಿಲ್ಲವೇ ಎಂಬ ಆಕ್ಷೇಪ ಬಂದಿತು. ರಾಜ್ಯದ ಹೊರಗಿನ ಮಾರುಕಟ್ಟೆ ವಿಸ್ತರಿಸುವುದು ಉದ್ದೇಶವೆಂದು ಸಚಿವ ಎಂ.ಬಿ. ಪಾಟೀಲರು ವಿವರಿಸಿದರು. ಭಾವನೆಯ ಪ್ರಶ್ನೆಯನ್ನು ಬದಿಗಿಟ್ಟರೆ ಇದು ಮಾರುಕಟ್ಟೆಯ ತೀರ್ಪು: ಬ್ರಾಂಡ್‌ಗಳು ಕೊಳ್ಳುವುದು ನಟನೆಯನ್ನಲ್ಲ, ತಲುಪುವ ವ್ಯಾಪ್ತಿಯನ್ನು. ಇನ್ನೊಂದು ಬಗೆಯ ಬೆಲೆಯೂ ಉಂಟು. ಪುನೀತ್ ಅವರು 2021ರ ಅಕ್ಟೋಬರ್ 29ರಂದು ನಿಧನರಾದಾಗ ಅವರ ಕಣ್ಣುಗಳು ದಾನವಾದವು. ಬಳಿಕ ನೇತ್ರದಾನಕ್ಕೆ ನೋಂದಣಿ ರಾಜ್ಯದಲ್ಲಿ ಏರಿತು. ಇದು ವಿಶ್ವಾಸ. ವ್ಯಾಪ್ತಿಯನ್ನು ಹಣಕ್ಕೆ ಕೊಳ್ಳಬಹುದು, ವಿಶ್ವಾಸವನ್ನು ಕೊಳ್ಳಲಾಗದು.

ಅಂಗಡಿ ಉದ್ಘಾಟನೆಗೆ, ಆಭರಣ ಮಳಿಗೆಗೆ, ದಾಲ್ ಮಿಲ್ಲಿನ ಹೊಸ ಪ್ಯಾಕೆಟ್ಟಿಗೆ ನಟರನ್ನು ಕರೆಸುವ ನಮ್ಮ ಸದಸ್ಯರು ಎರಡು ಕಾನೂನು ಸಂಗತಿಗಳನ್ನು ಗಮನಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ತಯಾರಕನೊಂದಿಗೆ ಅನುಮೋದಿಸಿದ ನಟನೂ ಹೊಣೆ. ಮೊದಲ ಸಲ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿಯವರೆಗೆ ದಂಡವಿದೆ. ಹಾಗೆಯೇ ನಟರ ಭಾವಚಿತ್ರವನ್ನು ಒಪ್ಪಿಗೆಯಿಲ್ಲದೆ ಫಲಕದಲ್ಲಿ ಬಳಸುವುದು ಈಗ ಅಪಾಯಕಾರಿ. 2022 ಮತ್ತು 2023ರಲ್ಲಿ ಅಮಿತಾಭ್ ಬಚ್ಚನ್, ಅನಿಲ್ ಕಪೂರ್ ಅವರ ಪರವಾಗಿ ದೆಹಲಿ ಹೈಕೋರ್ಟ್ ತಡೆಯಾಜ್ಞೆ ನೀಡಿದೆ.

ತಾರೆಯೇ ಬೇಡವೇ?

'ಸೈರಾಟ್' ಮತ್ತು 2025ರ ಜುಲೈ 25ರಂದು ತೆರೆಕಂಡು ನೂರು ಕೋಟಿ ದಾಟಿತೆಂದು ವರದಿಯಾದ 'ಸು ಫ್ರಮ್ ಸೋ' ಚಿತ್ರಗಳನ್ನು ತೋರಿಸಿ, ತಾರೆಯ ಕಾಲ ಮುಗಿಯಿತೆಂದು ಕೆಲವರು ವಾದಿಸುತ್ತಾರೆ. ಈ ವಾದದಲ್ಲಿ ಅರ್ಧ ಸತ್ಯವಿದೆ. ಇಂತಹ ಗೆಲುವುಗಳು ಸಂತೋಷದಾಯಕ. ಆದರೆ ಅವು ಮುಂಚಿತವಾಗಿ ಲೆಕ್ಕ ಹಾಕಲಾಗದ ಗೆಲುವುಗಳು. ಹೆಸರಿಲ್ಲದೆ ಬಂದು ಸದ್ದಿಲ್ಲದೆ ಹೋದ ಚಿತ್ರಗಳ ಪಟ್ಟಿಯನ್ನು ಯಾರೂ ಬರೆದಿಡುವುದಿಲ್ಲ. ಬ್ಯಾಂಕಾಗಲಿ ವಿತರಕನಾಗಲಿ ಅಪವಾದದ ಮೇಲೆ ವ್ಯಾಪಾರ ಕಟ್ಟಲಾರರು. ತಾರೆಯ ಅಗತ್ಯ ಇದೆ; ಆದರೆ ಅವನ ಬೆಲೆಯನ್ನು ಅವನು ಕಡಿಮೆ ಮಾಡುವ ಅಪಾಯಕ್ಕೆ ಹೊಂದಿಸಬೇಕು, ಅವನು ಹುಟ್ಟಿಸುವ ಸದ್ದಿಗೆ ಅಲ್ಲ.

ಸಲಹೆಗಳು

ಈ ಹಿನ್ನೆಲೆಯಲ್ಲಿ ಸಂಬಂಧಪಟ್ಟವರ ಪರಿಶೀಲನೆಗಾಗಿ ಕೆಲವು ಅಂಶಗಳನ್ನು ಮುಂದಿಡುತ್ತೇನೆ.

1. ನಟರ ಸಂಭಾವನೆಯ ಒಂದು ಭಾಗ ನಿಶ್ಚಿತವಾಗಿದ್ದು, ಉಳಿದದ್ದು ವಿತರಕ ಮತ್ತು ಪ್ರದರ್ಶಕರ ಅಸಲು ಮರಳಿದ ಮೇಲೆ ಗಳಿಕೆಯ ಪಾಲಾಗಿ ಸಲ್ಲಬೇಕು.

2. ಜಿಲ್ಲೆಯ ಪ್ರದರ್ಶಕರು ಮರಳಿ ಬಾರದ ಗ್ಯಾರಂಟಿ ಮೊತ್ತವನ್ನು ಒಪ್ಪಬಾರದು. ಮುಂಗಡ ಕೊಡುವುದಾದರೆ ಅದು ಗಳಿಕೆಯೊಂದಿಗೆ ಹೊಂದಿಕೆಯಾಗಿ, ಕೊರತೆ ಬಿದ್ದರೆ ಮುಂದಿನ ಚಿತ್ರಕ್ಕೆ ಜಮೆಯಾಗುವಂತಿರಬೇಕು. ಕರಾರು ಬರಹದಲ್ಲಿರಬೇಕು. ಬಾಯಿಮಾತಿನ ವ್ಯವಹಾರವನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸುವುದು ಕಷ್ಟ.

3. ಗಣಕೀಕೃತ ಟಿಕೆಟ್ ವ್ಯವಸ್ಥೆ ಎಲ್ಲ ಚಿತ್ರಮಂದಿರಗಳಿಗೂ ಬರಬೇಕು. ಶೇಕಡಾವಾರು ಹಂಚಿಕೆಗೆ ವಿತರಕರು ಹಿಂಜರಿಯಲು ಮುಖ್ಯ ಕಾರಣ ಲೆಕ್ಕದ ಮೇಲಿನ ಅಪನಂಬಿಕೆ. ಶುದ್ಧ ಲೆಕ್ಕವಿದ್ದರೆ ಪ್ರದರ್ಶಕನಿಗೆ ಬ್ಯಾಂಕ್ ಸಾಲವೂ ಸುಲಭ.

4. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿ ಮತ್ತು ಅದಕ್ಕಿಂತ ಕಡಿಮೆಯ ಟಿಕೆಟ್ಟಿನ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು, ಮೇಲ್ಪಟ್ಟದ್ದಕ್ಕೆ ಶೇ. 18 ಉಳಿಯಿತು. ದೊಡ್ಡ ಹೆಸರಿನ ಚಿತ್ರಕ್ಕೆ ದರ ಏರಿಸುವ ಮುನ್ನ ಈ ಅಂತರವನ್ನು ಲೆಕ್ಕ ಹಾಕಬೇಕು. 100ಕ್ಕೆ ಪ್ರೇಕ್ಷಕ ಕೊಡುವುದು 105. 120 ಮಾಡಿದರೆ 141 ರೂಪಾಯಿ 60 ಪೈಸೆ. ಪ್ರದರ್ಶಕನಿಗೆ ಹೆಚ್ಚುವರಿ 20. ಕುಟುಂಬದ ಜೇಬಿಗೆ ತಲೆಗೆ 36 ರೂಪಾಯಿ 60 ಪೈಸೆ ಭಾರ.

5. 2025-26ರ ರಾಜ್ಯ ಮುಂಗಡಪತ್ರದಲ್ಲಿ ಚಲನಚಿತ್ರ ಕ್ಷೇತ್ರಕ್ಕೆ ಉದ್ಯಮದ ಸ್ಥಾನಮಾನ ಘೋಷಿಸಲಾಯಿತು. ಮೈಸೂರಿನ ಚಿತ್ರನಗರಿಗೆ 150 ಎಕರೆ ಜಮೀನಿನ ಪ್ರಸ್ತಾಪವೂ ಬಂದಿತು. ಚಿತ್ರ ತಯಾರಾಗುವ ಕಡೆಗೆ ಹರಿಯುವ ನೆರವು ಚಿತ್ರ ಮಾರಾಟವಾಗುವ ಕಡೆಗೂ ಹರಿಯಬೇಕು. ಭಾಲ್ಕಿ, ಔರಾದ್‌ನಂತಹ ತಾಲ್ಲೂಕು ಕೇಂದ್ರಗಳಲ್ಲಿ 100ರಿಂದ 200 ಆಸನಗಳ ಕಿರು ಚಿತ್ರಮಂದಿರ ಕಟ್ಟುವವರಿಗೆ ಬಡ್ಡಿ ಸಹಾಯಧನ ಸಿಗುವಂತೆ ನಮ್ಮ ಸಂಸ್ಥೆಯು ಸರ್ಕಾರಕ್ಕೆ ಮನವಿ ಸಲ್ಲಿಸುವುದು ಸೂಕ್ತ. 600 ಆಸನದ ಮಂದಿರದಲ್ಲಿ ಸೋತಂತೆ ಕಾಣುವ 120 ಜನರ ಪ್ರೇಕ್ಷಕವೃಂದ, 150 ಆಸನದ ಮಂದಿರದಲ್ಲಿ ಶೇ. 80 ಭರ್ತಿ.

6. ಚಿತ್ರದ ಪ್ರಚಾರಕ್ಕೆ ಹುಬ್ಬಳ್ಳಿ, ಹೆಚ್ಚೆಂದರೆ ಕಲಬುರಗಿಗೆ ಬಂದು ಹಿಂದಿರುಗುವ ತಂಡಗಳು ಬೀದರಿಗೂ ಬರಲಿ. ಗಿರಾಕಿಯ ಮುಖ ನೋಡದ ವ್ಯಾಪಾರಿಗೆ ಗಿರಾಕಿಯ ನಿಷ್ಠೆಯನ್ನು ಕೇಳುವ ಹಕ್ಕಿಲ್ಲ.

ಉಪಸಂಹಾರ

ಅಗ್ರಶ್ರೇಣಿಯ ತಾರೆಯನ್ನು ಗುರುತಿಸಲು ನಾಲ್ಕು ಪ್ರಶ್ನೆಗಳು ಸಾಕು. ತನ್ನ ಭಾಷೆಯ ಸೀಮೆಯ ಹೊರಗೂ ಮೊದಲ ಮೂರು ದಿನ ಜನರನ್ನು ತರಬಲ್ಲನೇ? ಎರಡನೆಯ ವಾರ ನಿಲ್ಲಬಲ್ಲ ಕಥೆಯನ್ನು ಆರಿಸಬಲ್ಲನೇ? ತನ್ನ ಹೆಸರಿನ ಮೇಲೆ ತಾನೇ ಅಪಾಯ ಹೊರಲು ಸಿದ್ಧನೇ? ಅವನ ಚಿತ್ರ ಮುಗಿದಾಗ ಸರಪಳಿಯ ಕೊನೆಯ ಕೊಂಡಿಯ ಖಾತೆಯಲ್ಲಿ ಜಮೆ ಉಳಿಯುವುದೇ? ಮೊದಲ ಮೂರಕ್ಕೆ ಉತ್ತರ ಬೆಂಗಳೂರಿನಲ್ಲಿ ಸಿಗಬಹುದು. ನಾಲ್ಕನೆಯದಕ್ಕೆ ಬೀದರ್, ಭಾಲ್ಕಿ, ಔರಾದಿನ ಕಿರ್ದಿ ಪುಸ್ತಕಗಳನ್ನೇ ತೆರೆದು ನೋಡಬೇಕು. ಆ ಪುಸ್ತಕದಲ್ಲಿ ನಷ್ಟ ಬರೆಸಿಕೊಂಡ ಹೆಸರು ಎಷ್ಟು ದೊಡ್ಡ ಅಕ್ಷರದಲ್ಲಿ ಗೋಡೆಯ ಮೇಲೆ ರಾರಾಜಿಸಿದರೂ ವಾಣಿಜ್ಯದ ಮಾನದಂಡದಲ್ಲಿ ಅದು ಮೊದಲ ಸಾಲಿನದಲ್ಲ. ನಮ್ಮ ಜಿಲ್ಲೆಯ ಪ್ರದರ್ಶಕ ಬಂಧುಗಳು ಮುಂದಿನ ಕರಾರಿಗೆ ಸಹಿ ಹಾಕುವ ಮುನ್ನ ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ ಎಂಬುದು ನನ್ನ ವಿನಂತಿ.